ಸೀಟಿನಡಿಯ ಸೀಸ

ಗದಗ ಸೀಮೆಯಲ್ಲಿ ಯಾರಾದರೂ ‘ಕ್ಯಾಂಪರ್ ತಗೊಂಡೇವ್ರಿ’ ಅಂದರೆ ಒಳಗೆ ಮಂಚ, ಒಲೆ, ಫ್ರಿಜ್ ಇರುವ ಗಾಡಿಯನ್ನು ಕಣ್ಣಮುಂದೆ ತಂದುಕೊಳ್ಳಬಾರದು. ಅವರು ಹೇಳುತ್ತಿರುವುದು ಮಹೀಂದ್ರಾದ ಬೊಲೆರೊ ಕ್ಯಾಂಪರ್ ಬಗ್ಗೆ. ಮುಂದೆ ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ, ತೊಟ್ಟಿಯಲ್ಲಿ ಉಳ್ಳಾಗಡ್ಡಿಯ ಚೀಲವೋ ಗೊಬ್ಬರದ ಚೀಲವೋ. ಕಾಲು ಚಾಚಿ ಮಲಗಲಿಕ್ಕೂ ಆಗದ ಗಾಡಿಗೆ ಆ ಹೆಸರು ಹೇಗೆ ಬಂತೋ.

ಹಾಗಂತ ಗಾಲಿಯ ಮೇಲೆ ಸಂಸಾರ ಹೂಡುವುದು ಈ ಸೀಮೆಗೆ ಹೊಸದಲ್ಲ. ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೊರಟವರು ದಿನಗಟ್ಟಲೆ ದಾರಿಯಲ್ಲೇ ಉಂಡು, ದಾರಿಯಲ್ಲೇ ಮಲಗುತ್ತಿದ್ದರು. ಈಗಲೂ ಹಾಗೆ ಹೋಗುವವರಿದ್ದಾರೆ. ಚಕ್ಕಡಿಯ ಅಡಿ ಕಂದೀಲು, ಒಳಗೆ ಬುತ್ತಿಗಂಟು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಮೇಲೆ ಟ್ರೇಲರಿಗೆ ತಾಡಪಾಲು ಕಟ್ಟಿ, ತಳಕ್ಕೆ ಹುಲ್ಲು ಹಾಸಿ, ಮುಂಡರಗಿ ಕಡೆಯವರು ತುಂಗಭದ್ರೆ ದಾಟಿ ಮೈಲಾರದ ಕಾರಣಿಕಕ್ಕೆ ಹೋಗತೊಡಗಿದರು. ಕಂದೀಲು ಹೋಗಿ ಬಲ್ಬು ಬಂದದ್ದು ಆಗಲೇ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎರಡು ವೈರು ಎಳೆದರೆ ಟ್ರೇಲರಿನಲ್ಲಿ ಬೆಳಕು. ಮರುದಿನ ಬೆಳಗ್ಗೆ ಸೆಲ್ಫ್ ಹೊಡೆದರೆ ‘ಕಟ್’ ಎಂಬ ಒಂದೇ ಸದ್ದು. ಬ್ಯಾಟ್ರಿ ಇಳದೈತಿ, ತಳ್ರಿ.

ಗಾಡಿಯನ್ನು ಎಬ್ಬಿಸುವ ಬ್ಯಾಟರಿ ಬೇರೆ, ರಾತ್ರಿಯೆಲ್ಲ ದೀಪ ಉರಿಸುವ ಬ್ಯಾಟರಿ ಬೇರೆ ಎಂಬ ಪಾಠ ಹೀಗೆ ತಳ್ಳಿ ತಳ್ಳಿಯೇ ಬಂತು. ಎಂಜಿನ್ ಎಬ್ಬಿಸುವುದಕ್ಕೆ ಕೆಲವೇ ಸೆಕೆಂಡ್ ನೂರಾರು ಆಂಪಿಯರ್ ಬೇಕು, ಆಮೇಲೆ ಆ ಬ್ಯಾಟರಿಗೆ ಕೆಲಸವಿಲ್ಲ. ಫ್ಯಾನು, ದೀಪಕ್ಕೆ ಬೇಕಾದದ್ದು ಎಂಟು ಹತ್ತು ತಾಸು ಒಂದೇ ಸಮ ತೊಟ್ಟಿಕ್ಕುವ ಕರೆಂಟು. ಮೊದಲನೆಯದಕ್ಕೆ ತೆಳು ಪ್ಲೇಟಿನ ಬ್ಯಾಟರಿ, ಎರಡನೆಯದಕ್ಕೆ ಮನೆಯ ಯುಪಿಎಸ್‌ಗೆ ಇಡುವಂಥ ಟ್ಯೂಬ್ಯುಲರ್. ಎರಡರ ಹೊಟ್ಟೆಯಲ್ಲೂ ಇರುವುದು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಅದೇ ಸೀಸ ಮತ್ತು ಗಂಧಕಾಮ್ಲ.

ಗದಗದ ಮಗ್ಗುಲಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ರಾತ್ರಿ ಧಾಬಾ ಮುಂದೆ ನಿಲ್ಲುವ ಲಾರಿಗಳೇ ಈ ಕಡೆಯ ನಿಜವಾದ ಕ್ಯಾಂಪರುಗಳು. ಡ್ರೈವರ್ ಬೆನ್ನಹಿಂದಿನ ಬರ್ತ್, ಕಿಟಕಿಗೆ ಕಟ್ಟಿದ ಟವೆಲ್, ದೇವರ ಪಟದ ಮುಂದೆ ಸಣ್ಣ ದೀಪ, ಒಂದು ಪುಟ್ಟ ಫ್ಯಾನು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವೆಂದು ಕೇಂದ್ರ ಸರ್ಕಾರ ಆದೇಶಿಸಿದೆ. ಒಳ್ಳೆಯದೇ. ಆದರೆ ಆ ಏಸಿ ಓಡುವುದು ಎಂಜಿನ್ ಓಡಿದರೆ. ರಾತ್ರಿ ಎಂಜಿನ್ ಆರಿಸಿ ಮಲಗುವವನಿಗೆ ಮತ್ತೆ ಫ್ಯಾನೇ ಗತಿ, ಬ್ಯಾಟರಿಯೇ ಗತಿ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. ಟೇಪಿಗೆ, ಮೊಬೈಲ್ ಚಾರ್ಜರಿಗೆ 12 ವೋಲ್ಟ್ ಸಾಕೆಂದು ಎರಡರಲ್ಲಿ ಒಂದರಿಂದಷ್ಟೇ ವೈರು ಎಳೆಯುವುದು ಹಳೆಯ ರೂಢಿ. ಆ ಒಂದು ಬೇಗ ಬಡವಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ, ಕೊನೆಗೆ ಎರಡೂ ಜೋಡಿಯಾಗಿ ಗುಜರಿಗೆ.

ಮಂಚ-ಒಲೆಯ ಅಸಲಿ ಕ್ಯಾಂಪರನ್ನು ಬೆಂಗಳೂರಿನ ಲಕ್ಸ್‌ಕ್ಯಾಂಪರ್‌ನಂಥ ಸಂಸ್ಥೆಗಳು ಬಾಡಿಗೆಗೆ ಕೊಡತೊಡಗಿವೆ. ಟೆಂಪೋ ಟ್ರಾವೆಲರ್‌ನ ಸೀಟು ಕಿತ್ತು ತಾವೇ ಮಾಡಿಸಿಕೊಳ್ಳುವವರೂ ಇದ್ದಾರೆ. (ಇದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗದಗದ ಕೆಎ-26ಕ್ಕೂ ಅನ್ವಯಿಸುತ್ತದೆ.) ಇಂಥ ಗಾಡಿಗೆ ಗದಗ ಜಿಲ್ಲೆಯಲ್ಲಿ ಏನು ಕೆಲಸ ಅಂದರೆ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ ಅದು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳ ಹಿಂಡು ಕೆರೆಗೆ ಇಳಿಯುವುದನ್ನೂ ಏಳುವುದನ್ನೂ ನೋಡಬೇಕಾದವರು ಬೆಳಕು ಹರಿಯುವ ಮುನ್ನ ಆಸುಪಾಸಿನಲ್ಲಿರಬೇಕು. ಅಲ್ಲಿ ಜನರೇಟರ್ ಹಚ್ಚಿದರೆ ಹಕ್ಕಿಯೂ ಇಲ್ಲ, ಊರವರ ಮರ್ಯಾದೆಯೂ ಇಲ್ಲ. ಸದ್ದಿಲ್ಲದ ಕರೆಂಟು ಬೇಕು.

ಎಷ್ಟು? ಫ್ಯಾನಿಗೆ 20 ವ್ಯಾಟ್, ಒಂಬತ್ತು ತಾಸು. ಎರಡು ಎಲ್‌ಇಡಿ ದೀಪ. ಫೋನು, ಕ್ಯಾಮೆರಾಗಳ ಹೊಟ್ಟೆ ತುಂಬಬೇಕು. ಹಾಲು, ತರಕಾರಿಗೆ 12 ವೋಲ್ಟಿನ ಸಣ್ಣ ಫ್ರಿಜ್, ನಿಂತು ನಿಂತು ಓಡಿದರೂ ದಿನಕ್ಕೆ 500 ವ್ಯಾಟ್-ಅವರ್ ಹತ್ತಿರ. ಎಲ್ಲ ಕೂಡಿದರೆ 800. ಜೋಳದ ರೊಟ್ಟಿಗೆ ಗ್ಯಾಸ್ ಒಲೆಯೇ ಬೇಕು, ಇಂಡಕ್ಷನ್ ಮಾತು ಇಲ್ಲಿ ಬೇಡ. 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಕೊಡಬೇಕು. ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಇಳಿಯುವುದರಿಂದ ಕೈಗೆ ಸಿಗುವುದು 900, ಅದೂ ಹೊಸದಿದ್ದಾಗ. ತೂಕ 50 ಕಿಲೊ ಮೇಲೆ. ಜತೆಗೆ ಡಿಸ್ಟಿಲ್ಡ್ ವಾಟರ್ ಕ್ಯಾನು, ಟರ್ಮಿನಲ್ಲಿಗೆ ಹಚ್ಚುವ ಗ್ರೀಸು, ಗುಂಡಿಯಲ್ಲಿ ಚೆಲ್ಲಿದ ಆಮ್ಲಕ್ಕೆ ತೂತು ಬಿದ್ದ ಪ್ಯಾಂಟು.

ಇದೇ ಕೆಲಸಕ್ಕೆ ಈಗ ಬಂದಿರುವ 100 ಆಂಪಿಯರ್-ಅವರ್‌ನ ಲಿಥಿಯಂ ಡಬ್ಬಿ 12 ಕಿಲೊ ಆಸುಪಾಸು. ಒಳಗಿರುವುದು 1,280 ವ್ಯಾಟ್-ಅವರ್, ಅದರಲ್ಲಿ ಸಾವಿರವನ್ನು ಧೈರ್ಯವಾಗಿ ಖರ್ಚು ಮಾಡಬಹುದು. ಒಂದೇ ಕೈಯಲ್ಲಿ ಎತ್ತಬಹುದು.

ಈ ಡಬ್ಬಿಯ ಹುಟ್ಟಿನ ಕತೆಯಲ್ಲಿ ಬೆಂಗಳೂರಿನ ಎಳೆಯೊಂದಿದೆ. ಲಿಥಿಯಂ ಬ್ಯಾಟರಿ ಅಂದೊಡನೆ ನೆನಪಾಗುವವರು 2019ರ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೋಶಿನೊ. ಗುಡ್‌ಇನಫ್ 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ತೋರಿಸಿಕೊಟ್ಟ ಕೋಬಾಲ್ಟ್ ಆಕ್ಸೈಡ್ ಹಿಡಿದು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ಬಂತು. ಕ್ಯಾಮೆರಾಗೆ, ಫೋನಿಗೆ ಅದು ಸರಿ. ಆದರೆ ಕೋಬಾಲ್ಟ್ ದುಬಾರಿ, ಮೇಲಾಗಿ ಅತಿಯಾಗಿ ಕಾದರೆ ಆಕ್ಸಿಜನ್ ಬಿಟ್ಟು ಬೆಂಕಿಗೆ ತಾನೇ ಗಾಳಿ ಹಾಕುವ ಜಾತಿಯದು. ಮಲಗುವ ಸೀಟಿನ ಕೆಳಗೆ ಇಡುವ ವಸ್ತುವಲ್ಲ.

ಟೆಕ್ಸಾಸ್‌ನ ಆಸ್ಟಿನ್‌ಗೆ ಹೋದಮೇಲೆ ಗುಡ್‌ಇನಫ್ ಅವರ ಪ್ರಯೋಗಾಲಯ ಅಗ್ಗದ ಕಬ್ಬಿಣದತ್ತ ತಿರುಗಿತು. 1997ರಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಕುರಿತು ಪ್ರಕಟವಾದ ಪ್ರಬಂಧಕ್ಕೆ ಮೂವರ ಹೆಸರು: ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಗುಡ್‌ಇನಫ್. ಎರಡನೆಯ ಹೆಸರು ಮೈಸೂರು ಸೀಮೆಯ ಕಿವಿಗೆ ಪಕ್ಕದ ಮನೆಯವರದ್ದೆನ್ನಿಸುವಂಥದ್ದು. ನಂಜುಂಡಸ್ವಾಮಿ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್, ಜೆ. ಗೋಪಾಲಕೃಷ್ಣನ್ ಅವರೊಂದಿಗೆ ಘನವಸ್ತುಗಳ ರಸಾಯನ ವಿಜ್ಞಾನದಲ್ಲಿ ಕೆಲಸ ಮಾಡಿದವರು. ನೊಬೆಲ್ ಸುದ್ದಿಯ ದಿನ ಈ ಎಳೆಯನ್ನು ನಮ್ಮ ಪತ್ರಿಕೆಗಳು ಇನ್ನಷ್ಟು ಜಗ್ಗಿ ನೋಡಬಹುದಿತ್ತು.

ಫಾಸ್ಫೇಟಿನಲ್ಲಿ ರಂಜಕ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕಾದರೂ ಸುಲಭಕ್ಕೆ ಬಿಡದು. ಈ ಬ್ಯಾಟರಿ ಹೊತ್ತಿಕೊಳ್ಳುವುದೇ ಇಲ್ಲ ಎಂದಲ್ಲ, ಹೊತ್ತಿಸುವುದು ಕಷ್ಟ. ಕೊರತೆ ಇದ್ದದ್ದು ಇನ್ನೊಂದು ಕಡೆ: ಈ ಪುಡಿಯೊಳಗೆ ಕರೆಂಟು ಸಲೀಸಾಗಿ ಹರಿಯುತ್ತಿರಲಿಲ್ಲ. ಕಣಗಳನ್ನು ತೀರ ಸಣ್ಣಗೆ ಮಾಡಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಶೆಲ್ ಅರ್ಮಾಂಡ್ ಬಳಗ ತೋರಿಸಿದಂತೆ ಇಂಗಾಲದ ಲೇಪ ಕೊಟ್ಟಮೇಲೆ ದಾರಿ ಸಿಕ್ಕಿತು. ನಂತರದ್ದು ಪೇಟೆಂಟ್ ಜಗಳದ ಕತೆ. ಟೆಕ್ಸಾಸ್ ವಿಶ್ವವಿದ್ಯಾಲಯ ಮತ್ತು ಜಪಾನಿನ ಎನ್‌ಟಿಟಿ ನಡುವಿನ ವ್ಯಾಜ್ಯ 2008ರಲ್ಲಿ 3 ಕೋಟಿ ಡಾಲರಿಗೆ ರಾಜಿಯಾಯಿತು. ಅಷ್ಟರೊಳಗೆ ಚೀನಾ ತನ್ನ ನೆಲದಲ್ಲಿ ಕಾರ್ಖಾನೆ ಕಟ್ಟಿಕೊಂಡಿತ್ತು. ಮೂಲ ಪೇಟೆಂಟುಗಳ ಅವಧಿ 2022ರ ಹೊತ್ತಿಗೆ ಮುಗಿಯಿತು. 2024ರಲ್ಲಿ ಎಲ್ಲ ಬಗೆಯ ಲಿಥಿಯಂ ಪ್ಯಾಕ್‌ಗಳ ಜಾಗತಿಕ ಸರಾಸರಿ ಬೆಲೆ ಕಿಲೊವ್ಯಾಟ್-ಅವರ್‌ಗೆ 115 ಡಾಲರಿಗೆ ಇಳಿದಿತ್ತು.

ಗದಗದ ಹಳ್ಳಿಗಳಿಗೆ ಈ ಬ್ಯಾಟರಿ ಪ್ರವಾಸಿ ಗಾಡಿಯಲ್ಲಿ ಕೂತು ಬರಲಿಲ್ಲ, ಬೀದಿದೀಪದ ಕಂಬ ಏರಿ ಬಂತು. ಹಳೆಯ ಸೋಲಾರ್ ದೀಪಕ್ಕೆ ಕಂಬದಲ್ಲಿ ಪೆಟ್ಟಿಗೆ ಕಟ್ಟಿ ಸೀಸದ ಬ್ಯಾಟರಿ ಇಡುತ್ತಿದ್ದರು. ದೀಪ ಕೆಡುವ ಮೊದಲೇ ಬ್ಯಾಟರಿ ಕಳುವಾಗುತ್ತಿತ್ತು. ಈಗ ದೀಪದ ಜೊತೆಗೇ ಕಂಬದ ನೆತ್ತಿಯಲ್ಲಿ ಕೂರುವ ಪುಟ್ಟ ಐರನ್ ಫಾಸ್ಫೇಟ್ ಪ್ಯಾಕ್. ಆಮೇಲೆ ಇ-ರಿಕ್ಷಾ, ಸ್ಕೂಟರು, ಮನೆಯ ಗೋಡೆಗೆ ತೂಗುಹಾಕುವ ಇನ್ವರ್ಟರು. ತೆರಿಗೆಯೂ ಸ್ವಲ್ಪ ತಳ್ಳಿತು: ಲಿಥಿಯಂ ಬ್ಯಾಟರಿಯ ಜಿಎಸ್‌ಟಿ 2018ರ ಜುಲೈನಲ್ಲೇ ಶೇ 28ರಿಂದ 18ಕ್ಕೆ ಇಳಿದರೆ, ಸೀಸದ್ದು 2025ರ ಸೆಪ್ಟೆಂಬರ್ 22ರವರೆಗೂ 28ರಲ್ಲೇ ಇತ್ತು. ನಡುವೆ 2022ರಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿ ಉರಿದು ಜನ ಬೆದರಿದ್ದೂ ಹೌದು. ಎಐಎಸ್-156 ಎಂಬ ಸುರಕ್ಷತಾ ನಿಯಮ ಬಿಗಿಯಾದದ್ದು ಆ ಬೆಂಕಿಯಿಂದ.

ಮತ್ತೆ ಗಾಡಿಗೆ ಬಂದರೆ, ಬ್ಯಾಟರಿ ಅಂಗಡಿಗೆ ಹೋಗಿ ಸೀಸದ್ದು ಕೊಟ್ಟು ಲಿಥಿಯಂ ತಂದು ಅದೇ ವೈರಿಗೆ ಸಿಕ್ಕಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಗಾಡಿ ಕೆಡುವುದೂ ಅಲ್ಲೇ.

ಮೊದಲ ಪೆಟ್ಟು ಬೀಳುವುದು ಆಲ್ಟರ್ನೇಟರಿಗೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಇಂದಿಗೂ ಡೈನಮೊ ಅಂತಲೇ ಹೆಸರು. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ತಾನಾಗಿ ಬೇಡವೆನ್ನುತ್ತದೆ, ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಲಿಥಿಯಂಗೆ ಆ ಸಂಕೋಚವಿಲ್ಲ. ಒಳರೋಧ ಬಹಳ ಕಡಿಮೆಯಾದ್ದರಿಂದ ಕೊಟ್ಟಷ್ಟನ್ನೂ ಕೊನೆಯವರೆಗೆ ಎಳೆಯುತ್ತದೆ. ರೈಲ್ವೆ ಗೇಟಿನಲ್ಲಿ ಎಂಜಿನ್ ಮೆಲ್ಲಗೆ ಗುರುಗುಡುತ್ತ ನಿಂತಿರುವಾಗ ಡೈನಮೊದ ಫ್ಯಾನು ನಿಧಾನ, ಕೆಲಸ ಮಾತ್ರ ಪೂರ್ತಿ. ಕಾಯಿಲ್ ಸುಟ್ಟ ವಾಸನೆ ಬರುವುದು ಆಗ. ಲಿಥಿಯಂ ಡಬ್ಬಿಯೊಳಗಿನ ಕಾವಲುಗಾರ, ಅಂದರೆ ಬಿಎಂಎಸ್ ಎಂಬ ಬೋರ್ಡು, ತುಂಬಿತೆಂದು ಚಕ್ಕನೆ ಸಂಪರ್ಕ ಕಡಿದರೂ ಕಷ್ಟ. ಹೋಗಲು ದಾರಿಯಿಲ್ಲದ ವೋಲ್ಟೇಜು ಮೇಲೆದ್ದು ಡೈನಮೊದ ಡಯೋಡುಗಳನ್ನು ಬಲಿ ತೆಗೆದುಕೊಳ್ಳುತ್ತದೆ.

ಹಾಗಾಗಿ ಎಂಜಿನ್ನಿನ ಸೀಸದ ಬ್ಯಾಟರಿಯನ್ನು ಇದ್ದಲ್ಲೇ ಬಿಟ್ಟು, ಅದಕ್ಕೂ ಮಲಗುವ ಕೋಣೆಯ ಲಿಥಿಯಂಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಕೂರಿಸುತ್ತಾರೆ. ನೀರಿಗೆ ತೂಬು ಇದ್ದ ಹಾಗೆ. 30 ಆಂಪಿಯರ್‌ನದಾದರೆ ತಾಸಿಗೆ ಸುಮಾರು 400 ವ್ಯಾಟ್-ಅವರ್. ಗದಗದಿಂದ ಲಕ್ಷ್ಮೇಶ್ವರ ಮುಟ್ಟುವುದರೊಳಗೆ ಮೇಲೆ ಹೇಳಿದ ದಿನದ ಖರ್ಚಿನ ಅರ್ಧ ಒಳಬಂತು. ಉಳಿದರ್ಧಕ್ಕೆ ಮೇಲ್ಛಾವಣಿಯ 100 ವ್ಯಾಟ್ ಸೋಲಾರ್ ಹಲಗೆ. ಕಪ್ಪತ್ತಗುಡ್ಡದ ಸುತ್ತ ಗಾಳಿಗಿರಣಿ ನೆಟ್ಟಿರುವ ಈ ಬಯಲಿನಲ್ಲಿ ಬಿಸಿಲಿಗೂ ಬರವಿಲ್ಲ.

ಎರಡನೆಯದು ವೈರು. 12 ವೋಲ್ಟಿನಲ್ಲಿ 1,000 ವ್ಯಾಟಿನ ಇನ್ವರ್ಟರ್ ಓಡಿಸಿದರೆ 90 ಆಂಪಿಯರ್ ಹರಿಯುತ್ತದೆ. ಮನೆ ವೈರಿಂಗಿನಲ್ಲಿ ಉಳಿದ 4 ಚದರ ಮಿಲಿಮೀಟರ್ ವೈರಿನಲ್ಲಿ ಇದನ್ನು ಹಾಯಿಸಿದರೆ ಪ್ಲಾಸ್ಟಿಕ್ ಕರಗುತ್ತದೆ. ಬೇಕಾದದ್ದು 25 ಚದರ ಮಿಲಿಮೀಟರಿನ ತಾಮ್ರ, ಒತ್ತಿ ಕೂಡಿಸಿದ ಲಗ್ಗು, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ದೊಡ್ಡ ಶಾರ್ಟ್ ತಡೆಯುವ ಫ್ಯೂಸು. ಶಾರ್ಟಾದರೆ ಲಿಥಿಯಂ ಸೆಲ್ಲುಗಳು ಸಾವಿರಾರು ಆಂಪಿಯರ್ ಉಗುಳಬಲ್ಲವು. ಗಾಡಿಯ ತಗಡಿಗೆ ಉಜ್ಜಿ ಉಜ್ಜಿ ಸುಲಿದ ಒಂದು ವೈರು ಸಾಕು.

ಮೂರನೆಯದು ರೂಢಿ. ಹಾರ್ನಿನ ದನಿ ಸೊರಗಿದರೆ, ಹೆಡ್‌ಲೈಟ್ ಕೆಂಪಗಾದರೆ ಬ್ಯಾಟರಿ ಇಳಿಯಿತೆಂದು ಇಲ್ಲಿಯ ಡ್ರೈವರುಗಳು ಕಿವಿ ಕಣ್ಣಿನಲ್ಲೇ ಅಳೆಯುತ್ತಾರೆ. ಸೀಸ ಹಾಗೆ ಮುನ್ಸೂಚನೆ ಕೊಡುತ್ತದೆ: ತುಂಬಿದಾಗ 12.7 ವೋಲ್ಟ್, ಅರ್ಧಕ್ಕೆ 12.1. ಐರನ್ ಫಾಸ್ಫೇಟ್ ಬಹುಪಾಲು ಹಾದಿಯುದ್ದಕ್ಕೂ 13ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಗೆ ಧಡಕ್ಕನೆ ಬೀಳುತ್ತದೆ. ನಸುಕಿನ ನಾಲ್ಕಕ್ಕೆ ಫ್ಯಾನು ಮಂದವಾಗದೆ ಒಮ್ಮೆಲೇ ನಿಂತುಹೋಗುತ್ತದೆ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಇಲ್ಲದೆ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ಹಾಗೆಯೇ, ಸೀಸಕ್ಕೆ ಹದ ಕೊಡಲು 15 ವೋಲ್ಟಿನ ಮೇಲೆ ಚಾರ್ಜ್ ಮಾಡುವ ಹಳೆಯ ಚಾರ್ಜರುಗಳನ್ನು ಇದರ ಹತ್ತಿರ ಸುಳಿಯಗೊಡಬಾರದು, 14.6 ಇದರ ಗಡಿ.

ಹೊರದೇಶದ ಕೈಪಿಡಿಗಳೆಲ್ಲ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ ಎಂದು ದಪ್ಪಕ್ಷರದಲ್ಲಿ ಎಚ್ಚರಿಸುತ್ತವೆ. ಮುಂಡರಗಿಯಲ್ಲಿ ಅದನ್ನು ಓದಿ ನಗಬಹುದು. ಇಲ್ಲಿಯ ಚಿಂತೆ ಏಪ್ರಿಲ್–ಮೇ. ಬಯಲಲ್ಲಿ ನಿಂತ ಗಾಡಿಯ ತಗಡು ಕಾದು, ಸೀಟಿನಡಿಯ ಮುಚ್ಚಿದ ಪೆಟ್ಟಿಗೆ ಕುಲುಮೆಯಾದಾಗ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸುತ್ತದೆ. ತಯಾರಕರು ಹಾಕುವ ಮಿತಿ ಸಾಮಾನ್ಯವಾಗಿ 45ರಿಂದ 55 ಡಿಗ್ರಿ. ಸೈಲೆನ್ಸರ್ ಹಾಯುವ ಮಗ್ಗುಲು ಬಿಟ್ಟು, ಗಾಳಿಯಾಡುವ ಜಾಗ ಹುಡುಕುವುದು ಈ ಸೀಮೆಯಲ್ಲಿ ಬ್ಯಾಟರಿ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ.

ಕರ್ನಾಟಕದ ಮಣ್ಣಿನಲ್ಲೂ ಲಿಥಿಯಂ ಇದೆ. ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿರುವುದು 1,600 ಟನ್. ದೊಡ್ಡ ನಿಕ್ಷೇಪವೇನಲ್ಲ. ದೇವನಹಳ್ಳಿ ಬಳಿ ಎಕ್ಸೈಡ್ 2022ರಲ್ಲಿ ಸೆಲ್ ಕಾರ್ಖಾನೆ ಕಟ್ಟಲು ಹೊರಟಿತು. ಸದ್ಯಕ್ಕೆ ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಡಬ್ಬಿಗಳ ಒಳಗಿನ ಸೆಲ್ಲು ಚೀನಾದ್ದೇ, ಮೇಲಿನ ಸ್ಟಿಕರ್ ಯಾವ ಊರಿನದಾದರೂ.

ಇನ್ನು ಬಿಚ್ಚಿ ಇಳಿಸಿದ ಸೀಸದ ಬ್ಯಾಟರಿ. ಅದಕ್ಕೆ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ದುಡ್ಡು ಮುರಿದುಕೊಳ್ಳುತ್ತಾರೆ. ಸತ್ತ ಬ್ಯಾಟರಿಗೂ ಬೆಲೆಯಿದೆ, ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡುವ ದಾರಿ ದಶಕಗಳಿಂದ ಸವೆದು ನುಣುಪಾಗಿದೆ. ಕಬ್ಬಿಣ-ಫಾಸ್ಫೇಟಿನ ಪ್ಯಾಕಿನಲ್ಲಿ ಹಾಗೆ ಕಿತ್ತು ಮಾರುವಂಥ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಪ್ಯಾಕನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಈಗ ಕೂರಿಸುತ್ತಿರುವ ಡಬ್ಬಿಗಳು ಸರಿಯಾಗಿ ಬಳಸಿದರೆ ಹತ್ತು ವರ್ಷ ಬಾಳುವಂಥವು; ಅವು ಇಳಿಯುವ ಹೊತ್ತಿಗೆ ಬೆಟಗೇರಿಯ ಗುಜರಿ ಅಂಗಡಿಯವರು ಕಿಲೊಗೆ ಎಷ್ಟು ಹೇಳುತ್ತಾರೋ, ಅಥವಾ ಒಯ್ಯಲಿಕ್ಕೆ ನೀವೇ ಕೊಡಬೇಕು ಅನ್ನುತ್ತಾರೋ.