ಸ್ಪ್ಯಾಮ್ ಕಳಿಸಿದವರ ಮೇಲೆ ಮುಯ್ಯಿ: ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಕಳೆದ ರಾಜ್ಯೋತ್ಸವಕ್ಕೆ ಇನ್ನೆರಡು ವಾರ ಇದೆ ಎನ್ನುವಾಗ ನಮ್ಮ ಸಂಘದ ಇ-ಮೇಲ್ ಪೆಟ್ಟಿಗೆಗೆ ಒಂದೇ ರಾತ್ರಿಯಲ್ಲಿ ಸಾವಿರಾರು ಓಲೆಗಳು ಬಂದು ಬಿದ್ದವು. ಮೊದಲು ಬಂದವೆಲ್ಲ "ನೀವು ಕಳಿಸಿದ ಓಲೆ ತಲುಪಲಿಲ್ಲ, ಅಂಥ ವಿಳಾಸವೇ ಇಲ್ಲ" ಎಂದು ಹಿಂದಿರುಗಿದವು. ನಾವು ಕಳಿಸಿದ್ದರೆ ತಾನೇ! ಯಾರೋ ಪುಣ್ಯಾತ್ಮರು ತೂಕ ಇಳಿಸುವ ಮಾತ್ರೆಯ ಜಾಹೀರಾತನ್ನು ನಮ್ಮ ಸಂಘದ ವಿಳಾಸದ ಹೆಸರಿನಲ್ಲಿ ಲೋಕಕ್ಕೆಲ್ಲ ಹಂಚಿದ್ದರು. ಅದರ ಹಿಂದೆಯೇ ಬೈಗುಳದ ಉತ್ತರಗಳು ಬಂದವು. ಒಬ್ಬರಂತೂ "ನಿಮಗೆ ಬುದ್ಧಿ ಕಲಿಸುತ್ತೇನೆ, ನೋಡುತ್ತಿರಿ" ಎಂದೇ ಬರೆದಿದ್ದರು. ಮರುದಿನ ನೋಡಿದರೆ ನಮ್ಮ ವಿಳಾಸವನ್ನು ಯಾರೋ ನೂರಾರು ಜಾಲತಾಣಗಳಲ್ಲಿ ಚಂದಾದಾರರ ಪಟ್ಟಿಗೆ ಸೇರಿಸಿದ್ದಾರೆ. ನಾಯಿ ತಿಂಡಿ, ದೋಣಿ ಬಾಡಿಗೆ, ಹುಲ್ಲು ಕತ್ತರಿಸುವ ಯಂತ್ರ, ಒಂದೇ, ಎರಡೇ! ಬುದ್ಧಿ ಕಲಿಸುವ ಪಾಠ ಶುರುವಾಗಿತ್ತು.

ಈ ಕಸದ ರಾಶಿಯ ಅಡಿಯಲ್ಲಿ ಊಟಕ್ಕೆ ಹೆಸರು ಕೊಟ್ಟವರ ಓಲೆಗಳು ಹೂತುಹೋದವು. ಅದನ್ನು ಹೇಗೋ ಸುಧಾರಿಸಬಹುದಿತ್ತು, ಬಿಸಿಬೇಳೆಬಾತ್ ಯಾವತ್ತೂ ಉಳಿಯುವಷ್ಟೇ ಮಾಡಿಸುತ್ತೇವೆ. ಆದರೆ ಎರಡು ತಿಂಗಳು ಅಭ್ಯಾಸ ಮಾಡಿದ್ದ ಒಂಬತ್ತು ವರ್ಷದ ಒಬ್ಬ ಹುಡುಗಿಯ ನೃತ್ಯ ಕಾರ್ಯಕ್ರಮ ಪಟ್ಟಿಯಲ್ಲೇ ಇರಲಿಲ್ಲ. ಅವಳ ತಾಯಿ ಕಳಿಸಿದ ಓಲೆಯನ್ನು ನಾವು ನೋಡಿಯೇ ಇರಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಬಂದ ಮಗು ಪರದೆಯ ಪಕ್ಕ ನಿಂತು ಅಳುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಕೊನೆಗೆ ಭಾಷಣವೊಂದನ್ನು ಮೊಟಕುಗೊಳಿಸಿ ಅವಳಿಗೆ ಐದು ನಿಮಿಷ ಕೊಟ್ಟೆವು. (ಭಾಷಣ ಮೊಟಕಾದದ್ದಕ್ಕೆ ಸಭಿಕರಿಂದ ದೂರೇನೂ ಬರಲಿಲ್ಲ.)

ಆಮೇಲೆ ನಡೆದ ಸಮಿತಿಯ ಸಭೆಯಲ್ಲಿ ನಮ್ಮ ತರುಣ ಸ್ವಯಂಸೇವಕರ ರಕ್ತ ಕುದಿಯುತ್ತಿತ್ತು. "ಆ ಮಾತ್ರೆ ಮಾರುವ ಸೈಟನ್ನೇ ಮಲಗಿಸಿಬಿಡೋಣ ಸಾರ್, ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು" ಎಂದರು. ಸುಳ್ಳೇಕೆ, ಗಣಕವಿಜ್ಞಾನ ಓದಿದ ನಮ್ಮ ಕೈಯೂ ತುರಿಸಿತು. ಹತ್ತು ಸಾಲೂ ಬೇಡ, ಆರು ಸಾಕು. ಆದರೆ ನಮಗೆ ಬುದ್ಧಿ ಕಲಿಸಲು ಹೊರಟ ಆ ಅಪರಿಚಿತರೂ ಹೀಗೇ ಯೋಚಿಸಿರಬೇಕಲ್ಲವೇ? ಅವರ ಸಿಟ್ಟು ನ್ಯಾಯವಾದದ್ದೇ. ಏಟು ಬಿದ್ದದ್ದು ಮಾತ್ರ ಗೆಜ್ಜೆ ಕಟ್ಟಿದ ಮಗುವಿಗೆ.

ಇದು ಹೇಗೆ ಸಾಧ್ಯ ಎಂದು ಹಲವರು ಕೇಳಿದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಊರಿನಲ್ಲಿ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದುದು ನೆನಪಿದೆಯೇ? ಹಿಂಬದಿಯಲ್ಲಿ 'ಇಂದ' ಎಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದಿತ್ತು, ಅಂಚೆಯಣ್ಣ ಪರೀಕ್ಷಿಸುತ್ತಿರಲಿಲ್ಲ. ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದಾಗ ಜಾಲದಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಪರಿಚಿತರೇ. ಆದ್ದರಿಂದ ಕಳಿಸಿದವರ ಹೆಸರು ನಿಜವೇ ಎಂದು ನೋಡುವ ಏರ್ಪಾಡನ್ನು ಅದರಲ್ಲಿ ಇಟ್ಟಿರಲಿಲ್ಲ. ಸ್ಪ್ಯಾಮ್ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಕಳಿಸುವವನಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಜಾಗ, ಸಮಯ, ವಿದ್ಯುತ್ತು ಎಲ್ಲ ಪಡೆಯುವವರದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನಮಗಾದದ್ದಕ್ಕೆ ತಂತ್ರಜ್ಞರ ಭಾಷೆಯಲ್ಲಿ ಒಂದು ಹೆಸರೇ ಇದೆ, 'ಜೋ ಜಾಬ್'. 1997ರಲ್ಲಿ ಜೋಸ್ ಡಾಟ್ ಕಾಮ್ ಎಂಬ ತಾಣದವರು ಒಬ್ಬ ಸ್ಪ್ಯಾಮ್ ಹಂಚುವವನ ಖಾತೆಯನ್ನು ಮುಚ್ಚಿದರು. ಅವನು ಸೇಡಿಗಾಗಿ ಅವರ ಹೆಸರಿನಲ್ಲೇ ಸ್ಪ್ಯಾಮ್ ಕಳಿಸಿದ. ಸಿಟ್ಟಿಗೆದ್ದ ಜನ ತಾಣದ ಮೇಲೆ ಮುಗಿಬಿದ್ದರು. ಅಂದರೆ ಸ್ಪ್ಯಾಮ್ ತಡೆಯಲು ಹೊರಟವರನ್ನೇ, ಸ್ಪ್ಯಾಮ್ ವಿರೋಧಿಗಳ ಕೈಯಿಂದಲೇ ಹೊಡೆಸಿದ್ದ! ಸೇಡು ತೀರಿಸಿಕೊಳ್ಳುವವರು ಸಿದ್ಧರಿದ್ದರೆ ಅವರನ್ನು ಬಾಡಿಗೆಯಿಲ್ಲದ ಗೂಂಡಾಗಳಂತೆ ಬಳಸಿಕೊಳ್ಳಬಹುದು ಎಂಬುದನ್ನು ಅವನು ಕಂಡುಕೊಂಡಿದ್ದ.

ವಿಳಾಸ ಬಿಡಿ, ಓಲೆ ಹೊರಟ ಯಂತ್ರವನ್ನಾದರೂ ಹಿಡಿಯಬಹುದಲ್ಲ ಎಂದರೆ, ಅದು ಹೆಚ್ಚಿನ ಸಲ ವೈರಸ್ ಹತ್ತಿದ ಯಾರದೋ ಮನೆಯ ಗಣಕ. ದಾವಣಗೆರೆಯಲ್ಲಿ ಮೊಮ್ಮಕ್ಕಳ ಫೋಟೋ ನೋಡಲು ಇಟ್ಟುಕೊಂಡ ಅಜ್ಜಿಯದೂ ಆಗಿರಬಹುದು. ಓಲೆಯೊಳಗಿನ ಕೊಂಡಿಯೂ ಅಷ್ಟೇ, ಎಷ್ಟೋ ಸಲ ಅದು ಬೀಗ ಒಡೆದು ನುಗ್ಗಿದ ಯಾವುದೋ ಶಾಲೆಯ ತಾಣಕ್ಕೆ ಹೋಗುತ್ತದೆ.

ಸೇಡಿನ ಇತಿಹಾಸವೂ ಸ್ಪ್ಯಾಮಿನಷ್ಟೇ ಹಳೆಯದು. 1994ರ ಏಪ್ರಿಲ್ 12ರಂದು ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಲ್ಲಿ ಜಾಹೀರಾತೊಂದನ್ನು ಹಾಕಿದರು. ಯಾವುದರ ಜಾಹೀರಾತು ಗೊತ್ತೇ? ಗ್ರೀನ್ ಕಾರ್ಡ್ ಲಾಟರಿಯದು! (ಭಾರತದಲ್ಲಿ ಹುಟ್ಟಿದವರಿಗೆ ಆ ಲಾಟರಿಯಲ್ಲಿ ಪ್ರವೇಶವೇ ಇರಲಿಲ್ಲ ಎಂಬುದು ನಮ್ಮ ಓದುಗರಿಗೆ ಹೇಳಬೇಕಾದ್ದಿಲ್ಲ.) ಜನ ಬೈಗುಳದ ಓಲೆಗಳನ್ನು ಎಷ್ಟು ಕಳಿಸಿದರೆಂದರೆ ಅವರಿಗೆ ಅಂತರ್ಜಾಲ ಸೌಲಭ್ಯ ಕೊಟ್ಟಿದ್ದ ಕಂಪನಿಯ ಸರ್ವರ್ ಮತ್ತೆ ಮತ್ತೆ ಕುಸಿಯಿತು. ಅದೇ ಕಂಪನಿಯ ಇತರ ಗಿರಾಕಿಗಳಿಗೂ ಅಂಚೆ ಇಲ್ಲ. ವಕೀಲರಿಗೇನು, ಹೀಗೆ ಹಣ ಮಾಡುವುದು ಹೇಗೆ ಎಂದು ಪುಸ್ತಕವನ್ನೇ ಬರೆದರು. 1997ರಲ್ಲಿ ಕ್ಯಾಂಟರ್‌ನ ವಕೀಲಿಕೆಯ ಪರವಾನಗಿಯನ್ನು ಟೆನ್ನೆಸಿಯಲ್ಲಿ ಕಿತ್ತುಕೊಂಡರು. ಆ ಜಾಹೀರಾತು ಅದಕ್ಕೆ ಒಂದು ಕಾರಣ. ಅದು ಮಾತ್ರ ಸರಿಯಾದ ತಲೆಯ ಮೇಲೆ ಬಿದ್ದ ಏಟು.

2004ರ ಕೊನೆಯಲ್ಲಿ ಲೈಕೋಸ್ ಯುರೋಪ್ ಕಂಪನಿ ಒಂದು ಸ್ಕ್ರೀನ್‌ಸೇವರ್ ಹಂಚಿತು. ನೀವು ಕಾಫಿ ಕುಡಿಯಲು ಎದ್ದು ಹೋದಾಗ ಅದು ಸ್ಪ್ಯಾಮ್ ತಾಣಗಳಿಗೆ ಬಿಡದೆ ಕೋರಿಕೆ ಕಳಿಸಿ ಅವುಗಳನ್ನು ನಿಧಾನಗೊಳಿಸುತ್ತಿತ್ತು. ಲಕ್ಷಕ್ಕೂ ಮಿಕ್ಕಿ ಜನ ಇಳಿಸಿಕೊಂಡರು. ಪೂರ್ತಿ ಕೆಡವುವುದಿಲ್ಲ, ಬರೀ ನಿಧಾನ ಮಾಡುತ್ತೇವೆ ಎಂದು ಕಂಪನಿ ಹೇಳಿತ್ತು. ಆದರೆ ಕೆಲವು ತಾಣಗಳು ಪೂರ್ತಿಯೇ ಬಿದ್ದುಹೋಗಿದ್ದನ್ನು ನೆಟ್‌ಕ್ರಾಫ್ಟ್ ಸಂಸ್ಥೆ ಗುರುತಿಸಿತು. ಒಂದು ತಾಣದವರಂತೂ ಬಂದ ದಾಳಿಯನ್ನು ಹಾಗೇ ಲೈಕೋಸ್‌ನ ಕಡೆಗೇ ತಿರುಗಿಸಿಬಿಟ್ಟರು! ಕೆಲವೇ ದಿನಗಳಲ್ಲಿ ಯೋಜನೆ ಮುಚ್ಚಿತು.

ಇದಕ್ಕಿಂತ ಸಭ್ಯವಾದ ಪ್ರಯೋಗ ಇಸ್ರೇಲಿನ ಬ್ಲೂ ಸೆಕ್ಯೂರಿಟಿ ಎಂಬ ಪುಟ್ಟ ಕಂಪನಿಯದು. ಅವರ 'ಬ್ಲೂ ಫ್ರಾಗ್' ತಂತ್ರಾಂಶದ ಲೆಕ್ಕ ನೇರ: ಒಂದು ಸ್ಪ್ಯಾಮ್ ಬಂದರೆ ಆ ಸರಕು ಮಾರುವ ತಾಣಕ್ಕೆ ಒಂದೇ ಒಂದು ದೂರು. ಆದರೆ ಸದಸ್ಯರು ಸುಮಾರು 5 ಲಕ್ಷ, ದೂರುಗಳೂ ಅಷ್ಟೇ. ಇದರಲ್ಲಿ ತಪ್ಪೇನಿದೆ ಎಂದು ನಾವೂ ಅಂದುಕೊಳ್ಳುತ್ತಿದ್ದೆವು. ಸದಸ್ಯರ ವಿಳಾಸಗಳನ್ನು ಗುಪ್ತಲಿಪಿಯಲ್ಲಿಟ್ಟು, ಅವುಗಳನ್ನು ಪಟ್ಟಿಯಿಂದ ತೆಗೆದುಹಾಕುವ ಸಾಧನವನ್ನೂ ಕಂಪನಿಯೇ ಸ್ಪ್ಯಾಮ್‌ನವರಿಗೆ ಕೊಟ್ಟಿತ್ತು. ಅವರಲ್ಲೊಬ್ಬ ತನ್ನ ಪಟ್ಟಿಯನ್ನು ಆ ಸಾಧನದಲ್ಲಿ ಸೋಸಿ, ಸೋಸುವ ಮೊದಲಿನದಕ್ಕೂ ಆಮೇಲಿನದಕ್ಕೂ ಹೋಲಿಸಿದ. ಕಾಣೆಯಾದ ಹೆಸರುಗಳೇ ಸದಸ್ಯರು! 2006ರ ಮೇ ತಿಂಗಳಲ್ಲಿ ಅವರಿಗೆಲ್ಲ ಬೆದರಿಕೆಯ ಓಲೆಗಳು ಬಂದವು, ಕಂಪನಿಯ ತಾಣದ ಮೇಲೆ ಭಾರಿ ದಾಳಿ ನಡೆಯಿತು. ಕಂಪನಿಯವರು ಗಾಬರಿಯಲ್ಲಿ ತಮ್ಮ ವಿಳಾಸವನ್ನು ಟೈಪ್‌ಪ್ಯಾಡ್‌ನಲ್ಲಿದ್ದ ತಮ್ಮ ಬ್ಲಾಗಿಗೆ ತಿರುಗಿಸಿದರು. ದಾಳಿಯೂ ಅತ್ತ ಹರಿಯಿತು. ಈ ಜಗಳಕ್ಕೆ ಸಂಬಂಧವೇ ಇಲ್ಲದ ಅಸಂಖ್ಯ ಜನರ ಟೈಪ್‌ಪ್ಯಾಡ್ ಮತ್ತು ಲೈವ್‌ಜರ್ನಲ್ ಪುಟಗಳು ಗಂಟೆಗಟ್ಟಲೆ ಮುಚ್ಚಿಹೋದವು. ತಿಂಗಳ ಮಧ್ಯದಲ್ಲಿ ಕಂಪನಿ ಕೈಚೆಲ್ಲಿತು.

ಹಾಗಾದರೆ ಗುರಿ ಖಚಿತವಾಗಿದ್ದರೆ? ಅಂಥದ್ದೂ ನಡೆದಿದೆ. 2002ರಲ್ಲಿ ಮಿಶಿಗನ್‌ನ ಅಲನ್ ರಾಲ್ಸ್ಕಿ ಎಂಬ ಕುಖ್ಯಾತ ಸ್ಪ್ಯಾಮ್ ದೊರೆಯ ಹೊಸ ಬಂಗಲೆಯ ಬಗ್ಗೆ ಪತ್ರಿಕೆಯಲ್ಲಿ ಬಂತು. ಓದಿದವರು ವಿಳಾಸ ಹುಡುಕಿ, ಸಿಕ್ಕ ಸಿಕ್ಕ ಕ್ಯಾಟಲಾಗುಗಳನ್ನೆಲ್ಲ ಅವನ ಮನೆಗೆ ಹಾಕಿಸಿದರು. ತನಗೆ ಕಿರುಕುಳವಾಗುತ್ತಿದೆ ಎಂದು ಅವನು ಗೋಳಾಡಿದ್ದನ್ನು ಓದಿ ನಾವೂ ನಕ್ಕಿದ್ದೇವೆ. ಈ ಪ್ರಕರಣದಲ್ಲಿ ನಮ್ಮ ಮನಸ್ಸು ಈಗಲೂ ಪೂರ್ತಿ ಸ್ಪಷ್ಟವಾಗಿಲ್ಲ. ಆದರೂ ಆ ಹೊರೆ ಹೊತ್ತವನು ಅಂಚೆಯವನು, ಅಚ್ಚಿನ ಖರ್ಚು ತೆತ್ತವರು ಕ್ಯಾಟಲಾಗಿನ ಕಂಪನಿಗಳು. ರಾಲ್ಸ್ಕಿ ಕೊನೆಗೆ ನಿಂತದ್ದು ಕ್ಯಾಟಲಾಗಿಗೆ ಹೆದರಿ ಅಲ್ಲ. ಷೇರು ವಂಚನೆಯ ಸ್ಪ್ಯಾಮ್ ಮೊಕದ್ದಮೆಯಲ್ಲಿ 2009ರಲ್ಲಿ ಅವನಿಗೆ ನಾಲ್ಕು ವರ್ಷಕ್ಕೂ ಮೀರಿದ ಸೆರೆವಾಸವಾಯಿತು.

ವಂಚಕರ ಓಲೆಗೆ ಉತ್ತರ ಬರೆಯುತ್ತಾ ಅವರ ಸಮಯ ಹಾಳುಮಾಡುವುದು ನಮ್ಮ ಸದಸ್ಯರಲ್ಲಿ ಕೆಲವರಿಗೆ ಪ್ರಿಯವಾದ ಆಟ. ಅದರಿಂದ ಬೇರೆಯವರಿಗೆ ಏಟು ಬೀಳುವುದಿಲ್ಲ, ನಿಜ. ಆದರೆ ಆ ತುದಿಯಲ್ಲಿ ಟೈಪ್ ಮಾಡುತ್ತಿರುವವರು ಯಾರು? ಆನ್‌ಲೈನ್ ವಂಚನೆಯ ಕೆಲಸಕ್ಕೆ ಬಲವಂತವಾಗಿ ದೂಡಲ್ಪಟ್ಟವರು ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಇರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. 2025ರ ಮಾರ್ಚ್‌ನಲ್ಲಿ ಅಂಥ ಕೇಂದ್ರಗಳಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನಿಂದ ವಾಯುಪಡೆಯ ವಿಮಾನಗಳಲ್ಲಿ ಊರಿಗೆ ಕರೆತಂದರು. ಒಳ್ಳೆಯ ಕೆಲಸ ಕೊಡಿಸುತ್ತೇವೆಂದು ನಂಬಿಸಿ ಕರೆದೊಯ್ದಿದ್ದ ಯುವಕರು. ಗುರಿ ಮುಟ್ಟದಿದ್ದರೆ ಅಲ್ಲಿ ಹೊಡೆತ ಬೀಳುತ್ತದೆ. ನಾವು ಹಾಳುಮಾಡುವ ಒಂದು ಗಂಟೆಗೆ ಬೆಲೆ ತೆರುವವರು ಅವರೂ ಆಗಿರಬಹುದು.

ಕಾನೂನಿನ ಮಾತು ಚಿಕ್ಕದು. ಇನ್ನೊಬ್ಬರ ತಾಣವನ್ನು ಬೇಕೆಂದೇ ಕೆಡವುವುದು ಅಮೆರಿಕದಲ್ಲೂ ಭಾರತದಲ್ಲೂ ಅಪರಾಧ, ಅದು ಕಳ್ಳನ ತಾಣವಾದರೂ. ದಾಳಿಗೊಳಗಾದವರು ತಿರುಗಿ ಒಂದಿಷ್ಟು ಕ್ರಮ ಕೈಗೊಳ್ಳಲು ಅವಕಾಶ ಕೊಡುವ ಮಸೂದೆ ಅಮೆರಿಕದ ಸಂಸತ್ತಿನ ಮುಂದೆ 2017ರಲ್ಲೂ 2019ರಲ್ಲೂ ಬಂದು ಅಂಗೀಕಾರವಾಗದೆ ಹೋಯಿತು. ವೀಸಾದ ಮೇಲಿರುವ ತರುಣರು ಇದನ್ನು ಎರಡು ಸಲ ಓದಿಕೊಳ್ಳಿ.

ಸುಮ್ಮನೆ ಕೂರಬೇಕು ಎಂದು ನಾವು ಹೇಳುತ್ತಿಲ್ಲ. 2008ರ ನವೆಂಬರ್‌ನಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರು ಕ್ಯಾಲಿಫೋರ್ನಿಯಾದ ಮೆಕ್ಕೋಲೋ ಎಂಬ ಹೋಸ್ಟಿಂಗ್ ಕಂಪನಿಯ ವಿರುದ್ಧದ ಸಾಕ್ಷ್ಯವನ್ನು, ಅದಕ್ಕೆ ಸಂಪರ್ಕ ಕೊಟ್ಟಿದ್ದ ಕಂಪನಿಗಳ ಮುಂದಿಟ್ಟರು. ಅವು ತಂತಿ ಕಿತ್ತವು. ಲೋಕದ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲವು ತಿಂಗಳಲ್ಲಿ ಮತ್ತೆ ಏರಿತು, ಒಪ್ಪಿಕೊಳ್ಳೋಣ. ಆದರೆ ದಾವಣಗೆರೆಯ ಅಜ್ಜಿಗೆ ಏಟು ಬೀಳಲಿಲ್ಲ.

ನಮ್ಮ ವಿಷಯಕ್ಕೆ ಬಂದರೆ, ದೀಪದ ಬುಡದಲ್ಲೇ ಕತ್ತಲೆ. ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಓಲೆ ಕಳಿಸಬಹುದು ಎಂದು ಸಾರುವ ಎಸ್‌ಪಿಎಫ್, ಓಲೆಗೆ ಮೊಹರು ಒತ್ತುವ ಡಿಕಿಮ್, ಈ ಎರಡೂ ಪರೀಕ್ಷೆಯಲ್ಲಿ ಸೋತದ್ದನ್ನು ತಿರಸ್ಕರಿಸಿ ಎಂದು ಹೇಳುವ ಡಿಮಾರ್ಕ್, ಈ ಮೂರೂ ವರ್ಷಗಳಿಂದ ಇವೆ. ಸಮಿತಿಯಲ್ಲಿ ಅರ್ಧಕ್ಕರ್ಧ ಸಾಫ್ಟ್‌ವೇರ್‌ನವರು, ಆದರೂ ಮೊದಲನೆಯದನ್ನು ಬಿಟ್ಟು ಉಳಿದವನ್ನು ಹಾಕಿರಲಿಲ್ಲ. ಸಭೆ ಮುಗಿದ ರಾತ್ರಿಯೇ ಕೂತು ಹಾಕಿದೆವು. ಸ್ಕ್ರಿಪ್ಟ್ ಬರೆಯಲು ಹೊರಟಿದ್ದ ಹುಡುಗನೇ ಆ ಕೆಲಸ ಮಾಡಿದ. ಆಮೇಲೆ ಹಿಂದಿರುಗುವ ಓಲೆಗಳು ತೀರಾ ಕಡಿಮೆಯಾದವು.

ಅದೇ ರಾತ್ರಿ ಇನ್ನೊಂದು ಮುಜುಗರದ ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಸಂಘದ ಆಹ್ವಾನಗಳನ್ನೇ ಕೆಲವರು 'ಸ್ಪ್ಯಾಮ್' ಎಂದು ಗುರುತಿಸಿದ್ದರು! ಹುಡುಕಿದರೆ ಹಳೆಯ ಯುಗಾದಿ ಕಾರ್ಯಕ್ರಮಗಳ ಅತಿಥಿ ಪಟ್ಟಿಯಿಂದ, ಅವರನ್ನು ಕೇಳದೆಯೇ, ನಾವು ಎತ್ತಿಕೊಂಡ ವಿಳಾಸಗಳು ನಮ್ಮ ಪಟ್ಟಿಯಲ್ಲಿದ್ದವು. ಅವರ ದೃಷ್ಟಿಯಲ್ಲಿ ನಾವೂ ಮಾತ್ರೆ ಮಾರುವವರೇ. ಅವರು ಗುಂಡಿ ಒತ್ತಿ ಸುಮ್ಮನಾದರು, ನಮಗೆ ಬುದ್ಧಿ ಕಲಿಸಲು ಹೊರಡಲಿಲ್ಲ, ಅವರಿಗೆ ಕೃತಜ್ಞತೆಗಳು. ಆ ವಿಳಾಸಗಳನ್ನು ತೆಗೆದುಹಾಕಿದ್ದೇವೆ. ಈ ಯುಗಾದಿಯಿಂದ ಪ್ರತಿ ಓಲೆಯ ತುದಿಯಲ್ಲೂ 'ನನಗೆ ಬೇಡ' ಎಂಬ ಕೊಂಡಿ ಇರುತ್ತದೆ, ಒತ್ತಿದರೆ ಮರುದಿನದೊಳಗೆ ಹೆಸರು ಹೋಗುತ್ತದೆ. ಮಕ್ಕಳ ಕಾರ್ಯಕ್ರಮಕ್ಕೆ ಹೆಸರು ಕೊಡುವ ಪೋಷಕರು ಇನ್ನು ಮುಂದೆ ಇ-ಮೇಲ್ ಬದಲು ಜಾಲತಾಣದ ನೋಂದಣಿ ಪುಟವನ್ನೇ ಬಳಸಬೇಕಾಗಿ ವಿನಂತಿ. ಮೂರು ದಿನದಲ್ಲಿ ನಮ್ಮಿಂದ ಫೋನ್ ಬರದಿದ್ದರೆ ದಯವಿಟ್ಟು ನೀವೇ ಕರೆ ಮಾಡಿ.