ಸತ್ಯಂ ಹಗರಣ: ಹೊಣೆ ಒಬ್ಬರದ್ದೇನಾ?

2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರ ಹೊರಬಿತ್ತು. ಲೆಕ್ಕದಲ್ಲಿದ್ದ ನಗದು, ಬ್ಯಾಂಕ್ ಠೇವಣಿ 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ! ಸಂಜೆಯೊಳಗೆ ಷೇರಿನ ಮುಕ್ಕಾಲು ಪಾಲು ಬೆಲೆ ಕೊಚ್ಚಿಹೋಯಿತು.

ಹೂಡಿಕೆದಾರರ ಪ್ರಶ್ನೆ ಒಂದೇ: ತಪ್ಪೊಪ್ಪಿಕೊಂಡವರು ಒಬ್ಬರು, ಹೊಣೆಯೂ ಅವರೊಬ್ಬರದ್ದೇನಾ?

ಆಡಿಟರುಗಳನ್ನೇ ನೋಡಿ. ಠೇವಣಿ ನಿಜವಾಗಿ ಇದೆಯಾ ಅಂತ ಅವರೇ ನೇರವಾಗಿ ಬ್ಯಾಂಕಿಗೆ ಬರೆದು ಕೇಳಬೇಕು, ಉತ್ತರವೂ ಅವರಿಗೇ ಬರಬೇಕು. ಸತ್ಯಂನ ಆಡಿಟರುಗಳಾದ ಪ್ರೈಸ್ ವಾಟರ್‌ಹೌಸ್‌ನವರು ಈ ಕಾಗದಪತ್ರ ಕಳಿಸೋದು, ತರಿಸೋದು ಎರಡನ್ನೂ ಸತ್ಯಂಗೇ ಬಿಟ್ಟಿದ್ದರು ಎಂದು ಅಮೆರಿಕದ ನಿಯಂತ್ರಕ ಸಂಸ್ಥೆ ಎಸ್‌ಇಸಿ ಹೇಳಿತು. ಕಳ್ಳನ ಕೈಗೇ ಬೀಗದ ಕೈ!

ನಿರ್ದೇಶಕರು? ಪತ್ರ ಹೊರಬೀಳುವ ಮೂರು ವಾರ ಮೊದಲಷ್ಟೇ ರಾಜು ಕುಟುಂಬದ ಮೇಟಾಸ್ ಕಂಪನಿಗಳ ಖರೀದಿಗೆ ಒಪ್ಪಿಗೆ ಕೊಟ್ಟಿದ್ದರು. ಹಾರ್ವರ್ಡ್ ಪ್ರಾಧ್ಯಾಪಕರೂ ಇದ್ದ ಮಂಡಳಿ ಅದು! ಷೇರುದಾರರು ರೊಚ್ಚಿಗೆದ್ದ ಮೇಲೆ ವ್ಯವಹಾರ ರದ್ದಾಯಿತು.

ಅಮೆರಿಕದ ಹೂಡಿಕೆದಾರರು ಸಾಮೂಹಿಕ ದಾವೆ ಹೂಡಿ ಸತ್ಯಂನಿಂದ 12.5 ಕೋಟಿ ಡಾಲರ್ ಪಡೆದರು. ನಮ್ಮ ಸಣ್ಣ ಹೂಡಿಕೆದಾರರಿಗೆ ಆಗ ಅಂಥ ದಾರಿಯೇ ಇರಲಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಅದು ಸೇರಿತು.

ರಾಜುಗೆ 2015ರ ಏಪ್ರಿಲ್‌ನಲ್ಲಿ 7 ವರ್ಷ ಜೈಲು. ಮೇ ತಿಂಗಳಲ್ಲಿ ಜಾಮೀನು.