ಎರಡನೇ ಹಾಲು ಮೊದಲು, ಮೊದಲ ಹಾಲು ಕೊನೆಗೆ

ಜಾಂಜಿಬಾರ್, ಮೊಂಬಾಸಾ, ಲಾಮು ಮುಂತಾದ ಪೂರ್ವ ಆಫ್ರಿಕಾದ ಕರಾವಳಿ ಊರುಗಳಲ್ಲಿ ತೆಂಗಿನ ಹಾಲಿನಲ್ಲಿ ಬೆಂದ ಅನ್ನಕ್ಕೆ 'ವಾಲಿ ವಾ ನಾಜಿ' ಎನ್ನುತ್ತಾರೆ. ಅಕ್ಕಿ, ಕಾಯಿ, ಉಪ್ಪು, ನೀರು ಇದ್ದರೆ ಸಾಕು. ಹದ ತಪ್ಪಿದರೆ ಮುಚ್ಚಿಹಾಕಲು ಮಸಾಲೆಯ ಆಸರೆ ಇಲ್ಲದ ಅಡುಗೆ ಇದು.

ಕಾಯಿತುರಿಗೆ ಬಿಸಿನೀರು ಹಾಕಿ ಕಿವುಚಿ ಹಿಂಡಿದರೆ ಬರುವುದು ದಪ್ಪಗಿನ ಮೊದಲ ಹಾಲು. ಅದೇ ತುರಿಗೆ ಮತ್ತೆ ನೀರು ಬೆರೆಸಿ ಹಿಂಡಿದರೆ ತೆಳ್ಳಗಿನ ಎರಡನೇ ಹಾಲು. ಸ್ವಾಹಿಲಿ ಅಡುಗೆಯವರು ಅಕ್ಕಿಯನ್ನು ಬೇಯಲು ಇಡುವುದು ತೆಳು ಹಾಲಿನಲ್ಲಿ. ನೀರು ಬಹುಪಾಲು ಇಂಗಿ, ಅನ್ನದ ಮೇಲೆ ಸಣ್ಣ ಸಣ್ಣ ತೂತು ಕಾಣಿಸಿಕೊಂಡಾಗ ದಪ್ಪ ಹಾಲು ಸುರಿಯುತ್ತಾರೆ.

ಈ ಕ್ರಮಕ್ಕೆ ಗಟ್ಟಿ ಕಾರಣಗಳಿವೆ. ಕಾಯಿಹಾಲು ಎಂದರೆ ನೀರಿನಲ್ಲಿ ಚದುರಿದ ಕೊಬ್ಬಿನ ಸೂಕ್ಷ್ಮ ಹನಿಗಳು. ಹನಿಗಳು ಒಂದಕ್ಕೊಂದು ಕೂಡದಂತೆ ತಡೆಯುವುದು ಅವುಗಳ ಸುತ್ತ ಇರುವ ಪ್ರೋಟೀನಿನ ಪೊರೆ. ಶಾಖ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಆ ಪ್ರೋಟೀನು ರೂಪಗೆಟ್ಟು ಗರಣೆ ಕಟ್ಟುತ್ತದೆ. ಎಣ್ಣೆ ಬಿಟ್ಟುಕೊಂಡು ಹಾಲು ಒಡೆಯುತ್ತದೆ. ಅಕ್ಕಿಯ ಪಿಷ್ಟ ಊದಿ ಮೆತ್ತಗಾಗಲು ಬೇಕಾದದ್ದು ಬಿಸಿ ಮತ್ತು ಧಾರಾಳ ನೀರು. ತೆಳು ಹಾಲಿನಲ್ಲಿ ಅದು ಬೇಕಾದಷ್ಟಿದೆ. ಮೊದಲಿಗೇ ದಪ್ಪ ಹಾಲು ಸುರಿದರೆ ಅದರ ಪ್ರೋಟೀನು, ಸಕ್ಕರೆಯ ಅಂಶ ತಳಕ್ಕೆ ಇಳಿದು, ಅಗುಳು ಬೇಯುವ ಮುಂಚೆಯೇ ಸೀದುಹೋಗುತ್ತವೆ. ಕೊನೆಗೆ ಹಾಕಿದ ಕೊಬ್ಬಾದರೋ ಬೆಂದ ಅಗುಳಿನ ಮೈಗೆ ಸವರಿಕೊಂಡು ಅನ್ನವನ್ನು ಬಿಡಿಬಿಡಿಯಾಗಿ ಇಡುತ್ತದೆ. ತೆಂಗಿನ ಕಂಪಿಗೆ ಕಾರಣವಾದ ಲ್ಯಾಕ್ಟೋನುಗಳು ಹಬೆಯೊಡನೆ ಹಾರಿಹೋಗುವಂಥವು. ತಡವಾಗಿ ಸೇರಿದರೆ ಹೆಚ್ಚು ಉಳಿಯುತ್ತವೆ.

ಇನ್ನು ಬೆಂಕಿ. ಅಲ್ಲಿನವರು ಇದ್ದಿಲ ಒಲೆಯ ಉರಿ ತಗ್ಗಿಸಿ, ಮುಚ್ಚಳದ ಮೇಲೆ ಒಂದಿಷ್ಟು ಕೆಂಡ ಹರಡುತ್ತಾರೆ. ಪಾತ್ರೆಯಲ್ಲಿ ನೀರಿರುವವರೆಗೆ ತಳದ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಇಂಗಿದ ಕೂಡಲೇ ಸರ್ರನೆ ಏರುತ್ತದೆ. ಆಗ ಮೇಲಿನಿಂದಲೂ ಕಾವು ಬಂದರೆ ತಳ ಸುಡದೆ ಅನ್ನ ಅರಳುತ್ತದೆ. ಎಷ್ಟು ಸೊಗಸಾದ ಉಪಾಯ! ತಳದಲ್ಲಿ ಕಟ್ಟುವ ಹೊಂಬಣ್ಣದ ಹಕ್ಕಳೆ 'ಉಕೋಕೋ'ವನ್ನೂ ಅಲ್ಲಿ ಇಷ್ಟಪಟ್ಟು ತಿನ್ನುವವರಿದ್ದಾರೆ. ಗ್ಯಾಸ್ ಒಲೆಯಲ್ಲಾದರೆ ಪಾತ್ರೆಯಡಿ ದಪ್ಪ ಕಾವಲಿ ಇಟ್ಟು, ಮುಚ್ಚಳ ಬಿಗಿಮಾಡಿ, ಹತ್ತು ಹದಿನೈದು ನಿಮಿಷ ಸಣ್ಣ ಉರಿ ಕೊಡಿ. ಪ್ರೆಶರ್ ಕುಕರ್ ಇದಕ್ಕೆ ಬೇಡವೇ ಬೇಡ: ಒಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ, ನಡುವೆ ದಪ್ಪ ಹಾಲು ಹಾಕಲೂ ಆಗದು.

ಅಲ್ಲಿನ ತೆಂಗಿಗೂ ನಮ್ಮ ಕಡೆಯ ತೆಂಗಿಗೂ ನಂಟಿದೆ. 1,300ಕ್ಕೂ ಹೆಚ್ಚು ಮರಗಳ ವಂಶವಾಹಿಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು ತೆಂಗಿನಲ್ಲಿ ಎರಡು ದೊಡ್ಡ ಕವಲುಗಳನ್ನು ಗುರುತಿಸಿತು. ಹಿಂದೂ ಮಹಾಸಾಗರದ ಕವಲನ್ನು ಮನುಷ್ಯ ಮೊದಲು ಬೆಳೆಸಿದ್ದು ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಸುತ್ತಮುತ್ತ ಎಂದು ಅದು ಸೂಚಿಸುತ್ತದೆ.

ತೆಂಗಿನ ಕೊಬ್ಬು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಹಾಗಾಗಿ ಮೊಂಬಾಸಾದ ಸೆಕೆಯಲ್ಲಿ ಮೆತ್ತಗೇ ಇರುವ ಈ ಅನ್ನ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೇಗ ಬಿರುಸಾಗುತ್ತದೆ. ಬಡಿಸುವ ಮುನ್ನ ಹಬೆಯಲ್ಲಿ ಐದು ನಿಮಿಷ ಬಿಸಿಮಾಡಿ.